ಕಡಲಂಚಿನ ಮಳೆಗಾಲದಲ್ಲಿ ಚುರುಟಿನ ಹದ

ಚುರುಟಿನ ತೇವದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣಹವೆಯ ಊರುಗಳಲ್ಲಿ ಕೂತು ಬರೆದವು. ಸೇದುವುದಕ್ಕೆ ಎರಡು ದಿನ ಮೊದಲು ಚುರುಟನ್ನು ತೇವದ ಪೆಟ್ಟಿಗೆಯಿಂದ ತೆಗೆದು ಬರೀ ಮರದ ಡಬ್ಬಿಯಲ್ಲಿಡಿ, ಹೆಚ್ಚಾದ ನೀರು ತಾನಾಗಿ ಹೋಗುತ್ತದೆ ಎನ್ನುವುದು ಅವುಗಳಲ್ಲಿ ಬಲು ಪ್ರಸಿದ್ಧವಾದದ್ದು. ಚಳಿಗೆ ಹೀಟರ್ ಹಾಕಿಕೊಂಡು ಕೂರುವ ದೇಶಗಳಲ್ಲಿ ಕೋಣೆಯ ಆರ್ದ್ರತೆ ಶೇ. 40ರ ಆಸುಪಾಸಿಗೆ ಇಳಿದಿರುತ್ತದೆ; ಅಲ್ಲಿ ಈ ಮಾತು ಸರಿ. ಕುಮಟಾ ತಾಲೂಕಿನ ಹೊಳನಗದ್ದೆಯಲ್ಲಿ, ಆರಿದ್ರಾ ಮಳೆ ಹಿಡಿದು ಕೂತ ವಾರದಲ್ಲಿ, ಇದೇ ಮಾತು ನಂಬಿ ಚುರುಟನ್ನು ಕಪಾಟಿನ ಮೇಲೆ ಬಿಟ್ಟರೆ ಅದು ಒಣಗುವುದಿಲ್ಲ. ಪಕ್ಕದ ಡಬ್ಬಿಯ ಹಪ್ಪಳ ಮೆತ್ತಗಾದ ಹಾಗೆ ಅದೂ ಗಾಳಿಯ ನೀರು ಕುಡಿದು ಉಬ್ಬುತ್ತದೆ.

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಎಷ್ಟೋ ಮನೆಗಳಿಗೆ ದುಬೈ, ಮಸ್ಕತ್, ದೋಹಾಗಳ ನಂಟಿದೆ. ಕೊಲ್ಲಿ ದೇಶಗಳ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ. ಅಲ್ಲಿನವರು ಮಕ್ಕಳ ಸಮೇತ ಊರಿಗೆ ಬರುವುದು ಸರಿಯಾಗಿ ನಮ್ಮ ಮಳೆಗಾಲಕ್ಕೆ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಂಡ ಚುರುಟಿನ ಪೆಟ್ಟಿಗೆ ಏಸಿಯ ಒಣಗಾಳಿಯಿಂದ ನೇರ ಕರಾವಳಿಯ ಅತಿ ಒದ್ದೆ ತಿಂಗಳಿಗೆ ಬಂದಿಳಿಯುತ್ತದೆ. ಮನೆಯಲ್ಲಿ ಹಾಗೊಂದು ಪೆಟ್ಟಿಗೆ ಇದ್ದು, ಅದನ್ನು ಕೆಡಿಸಿಕೊಳ್ಳದೆ ಇಡುವುದು ಹೇಗೆ, ಸೇದುವ ಮುಂಚೆ ಹದಕ್ಕೆ ತರುವುದು ಹೇಗೆ ಎಂದು ಕೇಳುವವರಿಗಾಗಿ ಈ ಬರಹ. ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ನಮ್ಮ ಕರಾವಳಿಯಲ್ಲಿ ವರ್ಷದ ಹೆಚ್ಚಿನ ಕಾಲ ಚುರುಟಿಗೆ ತೇವ ಕೊಡುವ ಕೆಲಸವೇ ಇಲ್ಲ. ತೇವ ತಡೆಯುವುದು, ಮತ್ತು ಒಳಗೆ ಸೇರಿದ್ದನ್ನು ಅವಸರ ಮಾಡದೆ ಇಳಿಸುವುದು, ಇಷ್ಟೇ ಕೆಲಸ.

ತಂಬಾಕಿನ ಎಲೆ ಮತ್ತು ಗಾಳಿ

ತಂಬಾಕಿನ ಎಲೆ ತನ್ನ ಸುತ್ತಲಿನ ಗಾಳಿಗೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರಿಗೆ ಇದು ದಿನದ ಅನುಭವ. ಎಲೆ ಒಣಗಿಸುವ ಬ್ಯಾರನ್‌ನ ಬಿಸಿಯಲ್ಲಿ ಹದವಾದ ಎಲೆಯನ್ನು ಆ ಕೂಡಲೇ ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೇ ಅವರು ಬ್ಯಾರನ್ ಬಾಗಿಲು ತೆರೆದು ರಾತ್ರಿಯ ತಂಪು ಗಾಳಿ ಒಳಗೆ ಬಿಡುತ್ತಾರೆ. ಎಲೆ ಪಸೆ ಎಳೆದುಕೊಂಡು ಮೆದುವಾದ ಮೇಲೆಯೇ ಇಳಿಸುತ್ತಾರೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಹೆಂಗಸರೂ ಎಲೆಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಾಗುವ ಹದಕ್ಕೆ ಬಂದಾಗ ಕತ್ತರಿಸಿ ಸುತ್ತುತ್ತಾರೆ. ಸುತ್ತಿದ ಬೀಡಿ ಮಾತ್ರ ಒಣಗಿರಬೇಕು. ಕಟ್ಟುವಾಗ ಒಂದು ಹದ, ಸೇದುವಾಗ ಇನ್ನೊಂದು.

ಚುರುಟಿನದು ಇನ್ನೂ ನಾಜೂಕಿನ ಲೆಕ್ಕ. ಬೀಡಿಯಲ್ಲಿ ಹೊರಗಿನ ಎಲೆ ಬೇರೆ ಮರದ್ದು, ಒಳಗೆ ತಂಬಾಕಿನ ಪುಡಿ. ಕೈಯಿಂದ ಕಟ್ಟಿದ ಚುರುಟಿನಲ್ಲಿ ಮೂರೂ ಪದರ ತಂಬಾಕೇ: ಒಳಗೆ ಉದ್ದುದ್ದ ಮಡಿಸಿದ ಎಲೆಗಳ ತುಂಬು, ಅದನ್ನು ಹಿಡಿದಿಡುವ ಕಟ್ಟೆಲೆ, ಎಲ್ಲಕ್ಕೂ ಮೇಲೆ ತೆಳ್ಳಗಿನ ಹೊರಎಲೆ. ಹೊರಎಲೆ ಗಾಳಿಗೆ ಕೆಲವೇ ಗಂಟೆಗಳಲ್ಲಿ ಸ್ಪಂದಿಸುತ್ತದೆ. ಒಳತುಂಬಿಗೆ ಆ ಸುದ್ದಿ ಮುಟ್ಟಲು ದಿನಗಳು ಬೇಕು, ದಪ್ಪ ಚುರುಟಿಗಾದರೆ ವಾರಗಳೂ ಬೇಕು. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಅರ್ಧಕ್ಕರ್ಧ ಈ ಒಳಗು-ಹೊರಗಿನ ಅಂತರದಿಂದಲೇ ಹುಟ್ಟಿದವು.

ತೇವ ಜಾಸ್ತಿಯಾದ ಚುರುಟು ಎಳೆದರೆ ಗಾಳಿ ಬರುವುದಿಲ್ಲ. ಒಳಗಿನ ಎಲೆ ಉಬ್ಬಿ ದಾರಿ ಮುಚ್ಚಿರುತ್ತದೆ. ಹತ್ತಿಸಿದ್ದು ಪದೇ ಪದೇ ಆರುತ್ತದೆ, ಒಂದು ಬದಿ ಮಾತ್ರ ಉರಿದು ಇನ್ನೊಂದು ಬದಿ ಹಾಗೆಯೇ ಉಳಿಯುತ್ತದೆ, ಬಾಯಿಗೆ ಕಹಿ ಬರುತ್ತದೆ. ಬೆಂಕಿಯ ಬಿಸಿಗೆ ಒಳಗಿನ ನೀರು ಆವಿಯಾಗಿ ಹೊರಎಲೆ ಸೀಳುವುದೂ ಉಂಟು. ಒಣಗಿದ್ದು ಇದಕ್ಕೆ ಉಲ್ಟಾ: ಸರಸರನೆ ಉರಿದು ಮುಗಿಯುತ್ತದೆ, ಹೊಗೆ ಬಿಸಿಯಾಗಿ ಗಂಟಲಿಗೆ ಒರಟಾಗುತ್ತದೆ, ಬೆರಳ ಒತ್ತಡಕ್ಕೇ ಎಲೆ ಚಟಚಟ ಅನ್ನುತ್ತದೆ.

ಎಷ್ಟಿದ್ದರೆ ಸರಿ

ಚುರುಟು ಇಡುವವರ ಹಳೆಯ ಸೂತ್ರ ಶೇ. 70 ಆರ್ದ್ರತೆ, 21 ಡಿಗ್ರಿ ಸೆಲ್ಸಿಯಸ್. ಈಗ ಬಹಳ ಮಂದಿ ಶೇ. 62ರಿಂದ 68ರ ನಡುವೆ ಇಡುತ್ತಾರೆ. ಆ ಮಟ್ಟದಲ್ಲಿ ಎಲೆಯೊಳಗಿನ ನೀರು ತೂಕದ ಸುಮಾರು ಶೇ. 12ರಿಂದ 14ರಷ್ಟಿರುತ್ತದೆ. ಕರಾವಳಿಗೆ ನಮ್ಮ ಸಲಹೆ: ಇಡುವುದು 65ರಲ್ಲಿ, ಮಳೆಗಾಲದಲ್ಲಿ ಸೇದುವ ಮುಂಚೆ 62ಕ್ಕೆ ಇಳಿಸುವುದು. ಹೀಗೆ ಸ್ವಲ್ಪ ಕೆಳಗೆ ಇಡಲು ಕಾರಣವಿದೆ. ಚುರುಟು ಕೈಯಲ್ಲಿರುವ ಮುಕ್ಕಾಲು ಗಂಟೆ, ಒಂದು ಗಂಟೆ ಹೊತ್ತು ಜಗಲಿಯ ಒದ್ದೆ ಗಾಳಿ ಅದರ ಹೊರಎಲೆಗೆ ತಾಗುತ್ತಲೇ ಇರುತ್ತದೆ.

ಹೊರಗಿನ ಗಾಳಿಯ ಸ್ಥಿತಿ ನೋಡಿ. ಹೊನ್ನಾವರ, ಕುಮಟಾಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಆರ್ದ್ರತೆ ಶೇ. 85-90ರಲ್ಲಿ ಕೂತುಬಿಡುತ್ತದೆ. 26 ಡಿಗ್ರಿಯಲ್ಲಿ ಶೇ. 90 ಆರ್ದ್ರತೆ ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 22 ಗ್ರಾಂ ನೀರು. ಅದೇ ಉಷ್ಣತೆಯಲ್ಲಿ ಶೇ. 65 ಆಗಬೇಕಾದರೆ 16 ಗ್ರಾಂ ಮಾತ್ರ ಇರಬೇಕು. ಮುಚ್ಚಿದ ಡಬ್ಬಿಯೊಳಗೆ ಇದನ್ನು ಸಾಧಿಸಬಹುದು. ಕಿಟಕಿ ತೆರೆದ ಕೋಣೆಯಲ್ಲಿ ಆಗದ ಮಾತು.

ಮೊದಲು ಮೀಟರನ್ನು ಪರೀಕ್ಷಿಸಿ

ಆರ್ದ್ರತೆ ಅಳೆಯಲು ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಹೈಗ್ರೋಮೀಟರ್ ಸಾಕು. ಆದರೆ ಅಗ್ಗದ ಮೀಟರ್ ಐದಾರು ಅಂಕಿ ಆಚೀಚೆ ಹೇಳುವುದು ಸಾಮಾನ್ಯ. 65 ಎಂದು ನಂಬಿ 71ರಲ್ಲಿ ಇಟ್ಟರೆ ಎಲ್ಲ ಶ್ರಮವೂ ದಂಡ. ಇದರ ಪರೀಕ್ಷೆಗೆ ಬೇಕಾದ್ದು ಅಡುಗೆ ಉಪ್ಪು.

ಗೋಕರ್ಣದ ಹತ್ತಿರ, ಅಘನಾಶಿನಿಯ ಹಿನ್ನೀರಿನ ದಂಡೆಯಲ್ಲಿರುವ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಕುಮಟಾದವರು ನೋಡಿಯೇ ಇರುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಹರಳು ಕಟ್ಟುತ್ತದೆ, ಮಳೆ ಬಂದರೆ ಕೆಲಸ ನಿಲ್ಲುತ್ತದೆ. ಮಳೆನೀರು ಬೀಳುವುದು ಒಂದು ಕಾರಣ. ಗಾಳಿಯದೂ ಒಂದು ಪಾಲಿದೆ. ಹರಳು ಕಟ್ಟುವಷ್ಟು ಗಟ್ಟಿಯಾದ ಉಪ್ಪುನೀರು ಆವಿಯಾಗಲು ಗಾಳಿಯ ಆರ್ದ್ರತೆ ಶೇ. 75ಕ್ಕಿಂತ ಕೆಳಗಿರಬೇಕು. ಅದಕ್ಕೆ ಮೇಲೇರಿದರೆ ಕಟ್ಟಿದ ಹರಳೇ ಗಾಳಿಯ ನೀರು ಎಳೆದು ಕರಗತೊಡಗುತ್ತದೆ. ಶುದ್ಧ ಉಪ್ಪಿನ ಈ ಗಡಿ 20ರಿಂದ 30 ಡಿಗ್ರಿವರೆಗೆ ಹೆಚ್ಚುಕಡಿಮೆ ಅಲ್ಲಾಡುವುದಿಲ್ಲ. ಹಾಗಾಗಿ ಮುಚ್ಚಿದ ಡಬ್ಬಿಯಲ್ಲಿ ಹಸಿ ಉಪ್ಪಿಟ್ಟರೆ ಒಳಗಿನ ಗಾಳಿ ತಾನಾಗಿ 75ಕ್ಕೆ ಬಂದು ನಿಲ್ಲುತ್ತದೆ. ಮಾಡುವ ಕ್ರಮ ಹೀಗೆ:

1. ಬಾಟಲಿಯ ಮುಚ್ಚಳವೊಂದರಲ್ಲಿ ಪ್ಯಾಕೆಟಿನ ಪುಡಿ ಉಪ್ಪು ತುಂಬಿ. ಸಾಣಿಕಟ್ಟೆಯ ಹರಳುಪ್ಪು ಈ ಕೆಲಸಕ್ಕೆ ಬೇಡ. ಅದರಲ್ಲಿ ಮೆಗ್ನೀಷಿಯಂ ಕ್ಲೋರೈಡಿನ ಅಂಶ ಇರುತ್ತದೆ. ಅದು ಶೇ. 33ರ ಆರ್ದ್ರತೆಯಲ್ಲೇ ನೀರೆಳೆಯುವ ವಸ್ತು. ಮಳೆಗಾಲದಲ್ಲಿ ಹರಳುಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುವುದು ಬಹುಪಾಲು ಇದರಿಂದಲೇ.

2. ಹನಿ ಹನಿಯಾಗಿ ನೀರು ಹಾಕಿ. ಒದ್ದೆ ಮರಳಿನಂತಾಗಬೇಕು. ಉಪ್ಪು ಪೂರ್ತಿ ಕರಗಿದರೆ ಪರೀಕ್ಷೆ ಕೆಟ್ಟಿತು.

3. ಮುಚ್ಚಳವನ್ನೂ ಮೀಟರನ್ನೂ ಬಿಗಿಯಾಗಿ ಮುಚ್ಚುವ ಪಾರದರ್ಶಕ ಡಬ್ಬಿಯಲ್ಲಿಡಿ. ಉಪ್ಪು ಮೀಟರಿಗೆ ತಾಗಬಾರದು.

4. ಒಂದು ದಿನ ಬಿಟ್ಟು, ಮುಚ್ಚಳ ತೆರೆಯದೆ ಹೊರಗಿನಿಂದಲೇ ಅಂಕಿ ಓದಿ. ತೆರೆದು ಓದಿದರೆ ಮಳೆಗಾಲದ ಗಾಳಿಯ ಅಂಕಿ ಸಿಗುತ್ತದೆ, ಉಪ್ಪಿನದಲ್ಲ.

5. 75 ಬಂದರೆ ಮೀಟರ್ ಸರಿ ಇದೆ. 79 ಬಂದರೆ ನಾಲ್ಕು ಹೆಚ್ಚು ಹೇಳುತ್ತಿದೆ. ಅದರ ಬೆನ್ನಿಗೆ ಚೀಟಿ ಅಂಟಿಸಿ ‘ಕಳೆ 4’ ಎಂದು ಬರೆದಿಡಿ.

ಇದೇ ಉಪ್ಪನ್ನು ಚುರುಟಿನ ಪೆಟ್ಟಿಗೆಯಲ್ಲೂ ಇಟ್ಟರಾಯಿತಲ್ಲ ಎಂದು ಕೇಳಬಹುದು. ಬೇಡ. 75 ಎಂದರೆ ಬೂಷ್ಟು ಬೆಳೆಯುವ ಗಡಿ.

ಪೆಟ್ಟಿಗೆ ಯಾವುದು, ಒಳಗೆ ಏನು

ಅಂಗಡಿಯವರು ಹೊಳೆಯುವ ಮರದ ಹ್ಯೂಮಿಡಾರ್, ಎಂದರೆ ಚುರುಟಿನ ತೇವದ ಪೆಟ್ಟಿಗೆ, ತೋರಿಸುತ್ತಾರೆ. ಅದರ ಒಳಮೈಗೆ ಹಾಕುವುದು ಸ್ಪ್ಯಾನಿಷ್ ಸೀಡರ್. ಹೆಸರು ಹಾಗಿದ್ದರೂ ಅದು ಬೇವು, ಮಹಾಗನಿಗಳ ಕುಟುಂಬಕ್ಕೆ ಸೇರಿದ ಅಮೆರಿಕ ಖಂಡದ ಮರ. ಪರಿಮಳಕ್ಕೆ ಒಳ್ಳೆಯದು, ಒಣ ಊರಿನಲ್ಲಿ ತೇವ ಹಿಡಿದಿಡುತ್ತದೆ. ನಮ್ಮ ಮಳೆಗಾಲದಲ್ಲಿ ಮರವೂ ಗಾಳಿಯ ನೀರು ಕುಡಿಯುತ್ತದೆ, ಮುಚ್ಚಳದ ಸಂದಿಯಿಂದ ಹೊರಗಾಳಿ ನುಗ್ಗುತ್ತದೆ. ರಬ್ಬರ್ ಪಟ್ಟಿ ಇರುವ, ನಾಲ್ಕೂ ಬದಿ ಕ್ಲಿಪ್ ಬೀಳುವ ಪ್ಲಾಸ್ಟಿಕ್ ಡಬ್ಬಿಯೇ ಇಲ್ಲಿಗೆ ಮೇಲು. ಚುರುಟು ಬಂದ ಮೂಲ ಪೆಟ್ಟಿಗೆಯನ್ನೇ ಅದರೊಳಗೆ ಇಟ್ಟರೆ ಮರದ ಪರಿಮಳವೂ ಉಳಿಯುತ್ತದೆ. ಹೊಸ ಪ್ಲಾಸ್ಟಿಕ್ಕಿಗೆ ವಾಸನೆ ಇದ್ದರೆ ತೊಳೆದು, ಮುಚ್ಚಳ ತೆಗೆದು ಕೆಲವು ದಿನ ಇಟ್ಟು ಆಮೇಲೆ ಬಳಸಿ.

ತೇವ ಕಾಯಲು ಈಗ ಎರಡೂ ಕಡೆ ಕೆಲಸ ಮಾಡುವ ಪ್ಯಾಕೆಟ್‌ಗಳು ಸಿಗುತ್ತವೆ. ಬೊವೆಡಾ ಹೆಸರಿನವು ಹೆಚ್ಚು ಪ್ರಚಲಿತ. ಪ್ಯಾಕೆಟಿನ ಮೇಲೆ 58, 62, 65, 69, 72 ಎಂದು ಅಂಕಿ ಇರುತ್ತದೆ. ಒಳಗಿರುವುದು ಒಂದು ಬಗೆಯ ಲವಣದ ಗಟ್ಟಿ ದ್ರಾವಣ. ನೀರಿನ ಆವಿ ಮಾತ್ರ ದಾಟುವ ಪೊರೆಯ ಚೀಲದಲ್ಲಿ ತುಂಬಿರುತ್ತಾರೆ. ಅಡುಗೆ ಉಪ್ಪಿನ ಗಡಿ 75 ಇದ್ದ ಹಾಗೆ ಬೇರೆ ಲವಣಗಳಿಗೆ ಬೇರೆ ಗಡಿ, ಅಷ್ಟೇ ಗುಟ್ಟು. ಗಾಳಿ ಒಣಗಿದರೆ ನೀರು ಬಿಡುತ್ತದೆ, ಒದ್ದೆಯಾದರೆ ಎಳೆದುಕೊಳ್ಳುತ್ತದೆ. 60 ಗ್ರಾಮಿನ ಒಂದು ಪ್ಯಾಕೆಟ್ ಸುಮಾರು 25 ಚುರುಟಿಗೆ ಎನ್ನುವುದು ತಯಾರಕರ ಲೆಕ್ಕ. ಒಣ ಊರಿನಲ್ಲಿ ಪ್ಯಾಕೆಟ್ ಬತ್ತಿ ಕಲ್ಲಿನಂತಾದಾಗ ಬದಲಿಸುತ್ತಾರೆ. ನಮ್ಮಲ್ಲಿ ಅದು ಸಾಯುವ ರೀತಿ ಬೇರೆ: ನೀರು ಕುಡಿದು ಕುಡಿದು ಉಬ್ಬುತ್ತದೆ, ಒಳಗಿನ ಹರಳೆಲ್ಲ ಕರಗಿದ ಮೇಲೆ ತನ್ನ ಅಂಕಿಯನ್ನು ಹಿಡಿದಿಡಲಾರದು. ಪ್ಯಾಕೆಟ್ ದಿಂಬಿನಂತೆ ಉಬ್ಬಿದ್ದು ಕಂಡರೆ, ಮೀಟರ್ 70 ದಾಟಿದರೆ, ಹೊಸದು ಹಾಕಿ.

ಹಳೆಯ ಮಾದರಿಯ ಸ್ಪಂಜು, ನೀರಿನ ಜೆಲ್ಲಿಯ ಡಬ್ಬಿ ಇವೆಲ್ಲ ತೇವ ಕೊಡಲಷ್ಟೇ ಬಲ್ಲವು. ಹ್ಯೂಮಿಡಾರ್ ಜೊತೆ ಬಂದಿದ್ದರೆ ಜೂನ್‌ಗೆ ಮೊದಲು ತೆಗೆದು ಬದಿಗಿಡಿ. ಇನ್ನು ಅಕ್ಕಿ: ಮೊಬೈಲು ನೀರಿಗೆ ಬಿದ್ದರೆ ಅಕ್ಕಿಯಲ್ಲಿ ಹುಗಿಯುವ ರೂಢಿಯಿಂದ ಕೆಲವರು ಚುರುಟಿನ ಡಬ್ಬಿಗೂ ಅಕ್ಕಿ ಹಾಕುತ್ತಾರೆ. ಆಷಾಢದ ಅಕ್ಕಿ ಅದೇ ಗಾಳಿಯ ತೇವ ಕುಡಿದು ಕೂತಿರುತ್ತದೆ, ಎಳೆಯುವ ಕಸುವು ಅದರಲ್ಲಿ ಉಳಿದಿರುವುದಿಲ್ಲ.

ಒಂದೇ ಕಪಾಟಿನಲ್ಲಿ ಎಲ್ಲವನ್ನೂ ತುಂಬುವುದೂ ತರವಲ್ಲ. ನಮ್ಮ ಕಡೆಯ ಕವಳದ ಬಟ್ಟಲು ನೋಡಿ: ವೀಳ್ಯದೆಲೆಗೆ ಒದ್ದೆ ಬಟ್ಟೆ ಬೇಕು, ಅಡಿಕೆಗೆ ಒಣ ಜಾಗ ಬೇಕು, ಸುಣ್ಣದ ಮೇಲೆ ನೀರು ನಿಂತಿರಬೇಕು. ಮೂರನ್ನೂ ಒಟ್ಟಿಗೆ ಸುತ್ತಿಟ್ಟರೆ ಮೂರೂ ಹಾಳು ಎಂದು ಅಜ್ಜಿಯಂದಿರಿಗೆ ಗೊತ್ತಿತ್ತು. ಚುರುಟಿಗೂ ಅದರದೇ ಡಬ್ಬಿ ಇರಲಿ. ಡಾಂಬರ್ ಗುಳಿಗೆ, ಕರ್ಪೂರ, ಇಂಗು, ಒಣಮೀನು ಹತ್ತಿರ ಸುಳಿಯಬಾರದು. ತಂಬಾಕು ನೀರನ್ನು ಹೀರಿದಷ್ಟೇ ಸಲೀಸಾಗಿ ವಾಸನೆಯನ್ನೂ ಹೀರುತ್ತದೆ.

ಸೇದುವ ಮುಂಚೆ ತೇವ ಇಳಿಸುವ ಕ್ರಮ

ಚುರುಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತುದಿಯಿಂದ ತುದಿಗೆ ಮೆಲ್ಲಗೆ ಒತ್ತುತ್ತ ಬನ್ನಿ. ಒತ್ತಿದ ಕಡೆ ತಗ್ಗಿ, ಬಿಟ್ಟ ಮೇಲೆ ಮೊದಲಿನಂತಾದರೆ ಹದವಾಗಿದೆ. ತಗ್ಗು ಹಾಗೆಯೇ ಉಳಿದು ಸ್ಪಂಜಿನ ಹಾಗೆ ಅನಿಸಿದರೆ ಒದ್ದೆ. ತಗ್ಗದೆ ಚಟಚಟ ಎಂದರೆ ಒಣಗಿದೆ.

ಬೆರಳಿಗಿಂತ ನಂಬಿಕೆಯದು ತಕ್ಕಡಿ. ಚಿನ್ನ ಬೆಳ್ಳಿ ತೂಗುವಂಥ, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಈಗ ಅಗ್ಗಕ್ಕೆ ಸಿಗುತ್ತದೆ. ಲೆಕ್ಕ ಹೀಗಿದೆ. ಒದ್ದೆಯಾದ ಚುರುಟೊಂದು 12 ಗ್ರಾಂ ತೂಗುತ್ತದೆ, ಅದರಲ್ಲಿ ನೀರಿನ ಪಾಲು ಶೇ. 16 ಎಂದಿಟ್ಟುಕೊಳ್ಳಿ. ಒಣ ಎಲೆಯ ತೂಕ 10.08 ಗ್ರಾಂ ಆಯಿತು. ನೀರಿನ ಪಾಲು ಶೇ. 13ಕ್ಕೆ ಇಳಿದಾಗ ಅದೇ ಚುರುಟು 11.59 ಗ್ರಾಂ ತೂಗಬೇಕು. ಕೆಟ್ಟ ಚುರುಟಿಗೂ ಒಳ್ಳೆಯ ಚುರುಟಿಗೂ ನಡುವೆ ಇರುವುದು 0.41 ಗ್ರಾಂ ನೀರು, ಎಂದರೆ ಎಂಟು ಹತ್ತು ಹನಿ.

ಈ ಲೆಕ್ಕದಿಂದ ಇನ್ನೊಂದು ಪಾಠವೂ ಸಿಗುತ್ತದೆ. 25 ಚುರುಟುಗಳನ್ನು ಒಟ್ಟಿಗೆ ಇಳಿಸಹೊರಟರೆ ಪ್ಯಾಕೆಟ್ ಹತ್ತು ಗ್ರಾಂ ನೀರು ನುಂಗಬೇಕಾಗುತ್ತದೆ. 60 ಗ್ರಾಮಿನ ಒಂದು ಪ್ಯಾಕೆಟಿಗೆ ಅದು ದೊಡ್ಡ ಹೊರೆ. ಆದ್ದರಿಂದ ಸೇದಲಿರುವ ಎರಡು ಮೂರನ್ನು ಮಾತ್ರ ಬೇರೆ ತೆಗೆದು ಹದ ಮಾಡಿ:

1. ಎರಡು ಮೂರು ಚುರುಟು ಹಿಡಿಯುವ ಚಿಕ್ಕ ಡಬ್ಬಿ ತೆಗೆದುಕೊಳ್ಳಿ. ಒಳಗೆ 62ರ ಪ್ಯಾಕೆಟ್ ಹಾಕಿ. ಚುರುಟು ತೀರಾ ಒದ್ದೆಯಾಗಿದ್ದರೆ 58ರದು.

2. ಚುರುಟುಗಳನ್ನು ತೂಗಿ, ತೂಕವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ.

3. ದಿನಕ್ಕೊಮ್ಮೆ ತೂಗಿ. ಮೊದಲೆರಡು ದಿನ ತೂಕ ಬೇಗ ಇಳಿಯುತ್ತದೆ, ಆಮೇಲೆ ನಿಧಾನ. ಸಾಧಾರಣ ದಪ್ಪದ್ದಕ್ಕೆ ಮೂರರಿಂದ ಐದು ದಿನ ಕೊಡಿ.

4. 58ರಲ್ಲಿ ಇಳಿಸಿದ್ದರೆ ಕೊನೆಯ ಒಂದು ದಿನ ಮತ್ತೆ 62ರ ಅಥವಾ 65ರ ಡಬ್ಬಿಗೆ ಹಾಕಿ. ಹೊರಎಲೆ ಮಾತ್ರ ಒಣಗಿ ಒಳಗು ಒದ್ದೆ ಉಳಿದಿದ್ದರೆ ಅದು ಸರಿಹೋಗಲು ಈ ಬಿಡುವು ಬೇಕು.

ಮುಚ್ಚಳ ತೆರೆದು ತೂಗಿದರೆ ಹೊರಗಾಳಿ ನುಗ್ಗುವುದಿಲ್ಲವೇ? ನುಗ್ಗುತ್ತದೆ, ಆದರೆ ಅದಕ್ಕೆ ಹೆದರಬೇಕಿಲ್ಲ. ಐದು ಲೀಟರ್ ಡಬ್ಬಿಯ ಗಾಳಿ ಪೂರ್ತಿ ಬದಲಾದರೂ ಒಳಗೆ ಬರುವ ಹೆಚ್ಚುವರಿ ನೀರು 0.03 ಗ್ರಾಮಿನಷ್ಟು ಮಾತ್ರ. ತೊಂದರೆ ಕೊಡುವುದು ಹಗಲೂ ರಾತ್ರಿ ಸೋರುವ ಸಡಿಲ ಮುಚ್ಚಳ.

ಪ್ಯಾಕೆಟ್ ಸಿಗದಿದ್ದರೆ, ಮನೆಯಲ್ಲಿ ಏಸಿ ಇದ್ದರೆ, ಅದನ್ನು ಡ್ರೈ ಮೋಡ್‌ನಲ್ಲಿಟ್ಟು ಕೋಣೆಯ ಆರ್ದ್ರತೆ 55-60ಕ್ಕೆ ಇಳಿದ ಮೇಲೆ ಚುರುಟನ್ನು ತೆರೆದ ಮರದ ಡಬ್ಬಿಯಲ್ಲಿ ಒಂದು ರಾತ್ರಿ ಬಿಡಬಹುದು. ಒಣ ಊರಿನ ಪುಸ್ತಕದ ಸಲಹೆ ಇಲ್ಲಿ ಫಲಿಸುವುದು ಈ ಒಂದು ಕೋಣೆಯಲ್ಲಿ ಮಾತ್ರ. ಏಸಿಯ ನೇರ ಗಾಳಿಗೆ ಇಡಬೇಡಿ. ಬೆಳಿಗ್ಗೆ ಮತ್ತೆ ಮುಚ್ಚಿದ ಡಬ್ಬಿಗೆ ಹಾಕಿ ಒಂದು ದಿನ ಬಿಡಿ. ನಡುವೆ ಕರೆಂಟ್ ಹೋಗಿ ಏಸಿ ನಿಂತರೆ ಚುರುಟನ್ನು ಕೂಡಲೇ ಡಬ್ಬಿಗೆ ಸೇರಿಸಬೇಕು.

ಅವಸರದ ದಾರಿಗಳು ಬೇಡ

ಚಾಲಿ ಅಡಿಕೆಯನ್ನು ಅಂಗಳದ ಬಿಸಿಲಿಗೆ ಹರಡಿ ಮೂವತ್ತೈದು ನಲವತ್ತು ದಿನ ಒಣಗಿಸುವ ನಾಡು ನಮ್ಮದು. ಕುಮಟಾ ಮಾರುಕಟ್ಟೆಯಲ್ಲಿ ಹಳೆ ಚಾಲಿ, ಹೊಸ ಚಾಲಿ ಎಂದು ಬೇರೆ ಬೇರೆ ದರವೇ ಇದೆ. ಬಿಸಿಲಿನ ಮೇಲೆ ಅಷ್ಟು ನಂಬಿಕೆ ಇರುವವರಿಗೆ ಚುರುಟನ್ನೂ ಬಿಸಿಲಿಗಿಡುವ ಯೋಚನೆ ಬರುವುದು ಸಹಜ. ಇಡಬಾರದು. ಅಡಿಕೆ ಸಿಪ್ಪೆಯ ರಕ್ಷಣೆಯಲ್ಲಿ ಒಣಗುವ ಗಟ್ಟಿ ವಸ್ತು. ಚುರುಟಿನ ಹೊರಎಲೆ ಕಾಗದದಷ್ಟು ತೆಳು. ಒಳಗಿನ ತುಂಬು ಇನ್ನೂ ಉಬ್ಬಿರುವಾಗಲೇ ಅದು ಕುಗ್ಗಿ ಉದ್ದಕ್ಕೂ ಸೀಳುತ್ತದೆ. ಒಲೆಯ ಮೇಲಿನ ಅಟ್ಟ, ಬಚ್ಚಲ ಒಲೆಯ ಬದಿ, ಹೇರ್ ಡ್ರೈಯರ್, ಮೈಕ್ರೋವೇವ್ ಎಲ್ಲದರದೂ ಇದೇ ಕಥೆ. ಅಟ್ಟದಲ್ಲಿ ಹೊಗೆಯ ವಾಸನೆ ಬೇರೆ ಹಿಡಿಯುತ್ತದೆ.

ಸಿಲಿಕಾ ಜೆಲ್ ಚೀಲಗಳು ಬಲವಾದವು. ಅವಕ್ಕೆ ಪ್ಯಾಕೆಟಿನ ಹಾಗೆ ನಿಲ್ಲುವ ಅಂಕಿ ಇಲ್ಲ. ಹೆಚ್ಚು ಹಾಕಿ ಮರೆತರೆ ಆರ್ದ್ರತೆ 30ಕ್ಕೂ ಇಳಿದೀತು. ಬಳಸಲೇಬೇಕಾದರೆ ಒಂದೇ ಪುಟ್ಟ ಚೀಲ ಹಾಕಿ, ಮೀಟರ್ ನೋಡುತ್ತಿದ್ದು, 62 ತೋರಿಸಿದ ಕೂಡಲೇ ತೆಗೆಯಿರಿ. ಫ್ರಿಜ್ಜಿನಲ್ಲಿ ತೆರೆದಿಡುವುದೂ ಬೇಡ. ತಣ್ಣನೆಯ ಗಾಳಿ ಮೇಲ್ಮೈಯನ್ನು ಒಣಗಿಸುತ್ತದೆ, ನಿನ್ನೆಯ ಸಾರಿನ ವಾಸನೆಯೂ ಸೇರುತ್ತದೆ.

ಒಣಗಿ ಬಂದ ಚುರುಟು

ದುಬೈಯ ಏಸಿ ಫ್ಲ್ಯಾಟಿನಲ್ಲಿ ತಿಂಗಳುಗಟ್ಟಲೆ ತೆರೆದಿದ್ದ ಚುರುಟು ಕಡ್ಡಿಯಾಗಿ ಊರಿಗೆ ಬಂದರೆ, ಹೇಗೂ ಮಳೆಗಾಲ, ಹೊರಗಿಟ್ಟರೆ ತಾನೇ ಮೆತ್ತಗಾಗುತ್ತದೆ ಎಂದು ಅನಿಸುತ್ತದೆ. ಮೆತ್ತಗೇನೋ ಆಗುತ್ತದೆ, ಆದರೆ ಒಳಗು-ಹೊರಗು ಒಂದೇ ಸಮನೆ ಉಬ್ಬುವುದಿಲ್ಲ. ಹೊರಎಲೆ ಬಿರಿದು ಸುರುಳಿ ಬಿಚ್ಚುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಮೊದಲು 58ರ ಅಥವಾ 62ರ ಪ್ಯಾಕೆಟ್ ಜೊತೆ ಎರಡು ವಾರ, ಆಮೇಲೆ 65ರ ಜೊತೆ ಇನ್ನೆರಡು ವಾರ ಇಡಿ. ನಡುನಡುವೆ ಕಾಲು ಸುತ್ತು ತಿರುಗಿಸಿ. ರಜೆ ಮುಗಿಯುವುದರೊಳಗೆ ಸೇದಬೇಕು ಎನ್ನುವವರಿಗೆ ಇದು ದೀರ್ಘವಾಯಿತು, ಆದರೂ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಕಳೆದುಹೋದ ಪರಿಮಳದ ಎಣ್ಣೆ ಮಾತ್ರ ಮರಳಿ ಬರುವುದಿಲ್ಲ.

ಬೂಷ್ಟು ಮತ್ತು ಹುಳ

ಬಿಳಿಯ, ಬೂದು ಅಥವಾ ನೀಲಿ-ಹಸಿರು ಬಣ್ಣದ ನಯವಾದ ರೋಮದಂಥದ್ದು ಕಂಡರೆ ಅದು ಬೂಷ್ಟು. ಹಳೆಯ ಚುರುಟಿನ ಎಣ್ಣೆ ಹರಳಾಗಿ ಹೊರಬಂದದ್ದು, ಒಳ್ಳೆಯ ಲಕ್ಷಣ ಎಂದು ಹೇಳುವವರಿದ್ದಾರೆ. ಒದ್ದೆ ಊರಿನಲ್ಲಿ ಆ ಸಮಾಧಾನ ಬೇಡ. ಬೂಷ್ಟು ಹಿಡಿದ ಚುರುಟನ್ನು, ಅದರಲ್ಲೂ ಸೇದುವ ತುದಿಯಲ್ಲಿ ಕಂಡರೆ, ಎಸೆಯಿರಿ. ಉಳಿದವನ್ನು ಬೇರೆ ಮಾಡಿ, ಡಬ್ಬಿ ತೊಳೆದು ಒಣಗಿಸಿ, ಹೊಸ 62ರ ಪ್ಯಾಕೆಟ್ ಹಾಕಿ.

ಸೂಜಿ ಚುಚ್ಚಿದಂಥ ದುಂಡು ತೂತು, ಕೆಳಗೆ ಕಂದು ಪುಡಿ ಕಂಡರೆ ತಂಬಾಕಿನ ಹುಳ ಬಂದಿದೆ. ಎರಡು ಮೂರು ಮಿಲಿಮೀಟರಿನ ಈ ಕಂದು ದುಂಬಿಯ ಶಾಸ್ತ್ರೀಯ ಹೆಸರು ಲಾಸಿಯೋಡರ್ಮಾ ಸೆರಿಕಾರ್ನೆ. ಅಡುಗೆಮನೆಯ ಅರಿಸಿನ ಕೊಂಬು, ಒಣಮೆಣಸಿನಲ್ಲಿ ಕಾಣುವುದೂ ಇದೇ. ಮೊಟ್ಟೆ ಎಲೆಯೊಳಗೇ ಬಂದಿರಬಹುದು, ಬೆಚ್ಚಗಿನ ಒದ್ದೆ ಹವೆಯಲ್ಲಿ ಮರಿಯಾಗುತ್ತದೆ. ಚುರುಟುಗಳನ್ನು ಗಾಳಿಯಾಡದ ಎರಡು ಚೀಲಗಳಲ್ಲಿ ಹಾಕಿ ಒಂದು ದಿನ ಫ್ರಿಜ್ಜಿನಲ್ಲಿ, ಆಮೇಲೆ ಒಂದು ವಾರ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಫ್ರಿಜ್ಜಿನಲ್ಲಿಟ್ಟು, ಕೊನೆಗೆ ಚೀಲ ಬಿಚ್ಚದೆ ಕೋಣೆಯ ಬಿಸಿಗೆ ತನ್ನಿ. ಒಮ್ಮೆಲೇ ಹೊರತೆಗೆದರೆ ಎಲೆ ಸೀಳುತ್ತದೆ.

ಜಗಲಿಯಲ್ಲಿ ಹತ್ತಿಸುವ ಹೊತ್ತಿಗೆ

ಏಸಿ ಕೋಣೆಯಿಂದ ಹೊರತಂದ ಕನ್ನಡಕಕ್ಕೆ ಮಂಜು ಕಟ್ಟುವುದನ್ನು ಕಂಡಿದ್ದೀರಿ. 26 ಡಿಗ್ರಿ, ಶೇ. 90ರ ಗಾಳಿಯಲ್ಲಿ 24 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕಟ್ಟುತ್ತದೆ. 22 ಡಿಗ್ರಿಯ ಕೋಣೆಯಿಂದ ತಂದ ಡಬ್ಬಿಯನ್ನು ಜಗಲಿಯಲ್ಲಿ ತಕ್ಷಣ ತೆರೆದರೆ ಐದು ದಿನ ಒಣಗಿಸಿದ ಎಲೆಯ ಮೇಲೆ ಇಬ್ಬನಿ ಕೂರುತ್ತದೆ. ಡಬ್ಬಿಯನ್ನು ಮುಚ್ಚಿದ ಹಾಗೆಯೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ. ಒಂದನ್ನು ತೆಗೆದ ಮೇಲೆ ಮುಚ್ಚಳ ಹಾಕಿ. ಮಳೆಗಾಲದ ಬೆಂಕಿಪೆಟ್ಟಿಗೆಯೂ ನಂಬಿಕೆಯದಲ್ಲ, ಗ್ಯಾಸ್ ಲೈಟರ್ ಇರಲಿ. ಮೊದಲು ತುದಿಯನ್ನು ಜ್ವಾಲೆಯಿಂದ ತುಸು ದೂರ ಹಿಡಿದು ಸುತ್ತಲೂ ಕಾಯಿಸಿ, ಆಮೇಲೆ ಎಳೆಯಿರಿ.

ಆರೋಗ್ಯ, ಕಾನೂನು

ತೇವ ಸರಿಯಾದ ಮಾತ್ರಕ್ಕೆ ಹೊಗೆ ನಿರಪಾಯವಾಗುವುದಿಲ್ಲ. ಚುರುಟಿನ ಹೊಗೆಯನ್ನು ಎದೆಗೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರಿಗೆ ಇದು ಕಾರಣ. ಪಕ್ಕದಲ್ಲಿ ಕೂತವರಿಗೂ ಹಾನಿ ತಪ್ಪಿದ್ದಲ್ಲ. ಮಳೆಯೆಂದು ಬಾಗಿಲು ಕಿಟಕಿ ಮುಚ್ಚಿದ ಮನೆಯೊಳಗೆ, ಮಕ್ಕಳಿರುವಲ್ಲಿ, ಬಸುರಿಯರ ಎದುರು ಹತ್ತಿಸಲೇಬಾರದು. ಸಾರ್ವಜನಿಕ ಜಾಗದಲ್ಲಿ ಧೂಮಪಾನವನ್ನು 2003ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ.

ಕರಾವಳಿಯ ತಿಂಗಳ ಲೆಕ್ಕ

ಮೇ ಕೊನೆ: ಮೀಟರನ್ನು ಉಪ್ಪಿನಲ್ಲಿ ಪರೀಕ್ಷಿಸಿ. ಡಬ್ಬಿಯ ರಬ್ಬರ್ ಪಟ್ಟಿ ಸಡಿಲವಾಗಿದೆಯೇ ನೋಡಿ, ಸ್ಪಂಜು ಇದ್ದರೆ ತೆಗೆಯಿರಿ.

ಜೂನ್‌ನಿಂದ ಸೆಪ್ಟೆಂಬರ್: 65ರ ಪ್ಯಾಕೆಟ್, ಬಿಗಿ ಮುಚ್ಚಳ. ಹದಿನೈದು ದಿನಕ್ಕೊಮ್ಮೆ ಬೂಷ್ಟಿನ ತಪಾಸಣೆ. ಸೇದುವ ಮುಂಚೆ 62ರಲ್ಲಿ ಐದು ದಿನ.

ಅಕ್ಟೋಬರ್, ನವೆಂಬರ್: ಮಧ್ಯಾಹ್ನ ಬಿಸಿಲು ಬಂದರೂ ಸಂಜೆಯ ಗುಡುಗು ಮಳೆ ಉಂಟು. ಕ್ರಮ ಬದಲಿಸಬೇಡಿ, ಉಬ್ಬಿದ ಪ್ಯಾಕೆಟ್ ಬದಲಿಸಿ.

ಡಿಸೆಂಬರ್‌ನಿಂದ ಫೆಬ್ರುವರಿ: ಘಟ್ಟದ ಕಡೆಯಿಂದ ಮೂಡಣ ಗಾಳಿ ಬೀಸುವ ದಿನಗಳಲ್ಲಿ ಹವೆ ಒಣಗುತ್ತದೆ. ವರ್ಷದಲ್ಲಿ ಪ್ಯಾಕೆಟ್ ನೀರು ಬಿಡುವ ಕೆಲಸ ಮಾಡುವುದು ಈ ಮೂರು ತಿಂಗಳಲ್ಲೇ. 62ರಲ್ಲಿ ಇಳಿಸುವ ಉಸಾಬರಿ ಬೇಕಿಲ್ಲ, 65ರ ಡಬ್ಬಿಯಿಂದ ನೇರ ತೆಗೆಯಬಹುದು.

ಮಾರ್ಚ್‌ನಿಂದ ಮೇ: ತೇವಕ್ಕಿಂತ ಸೆಕೆಯ ಭಯ ಹೆಚ್ಚು. ಹುಳ ಏಳುವ ಕಾಲ ಇದು. ಡಬ್ಬಿಯನ್ನು ಹಂಚಿನ ಮಾಡಿನ ಅಟ್ಟದಲ್ಲಿಡದೆ ಕೆಳಗಿನ ತಂಪು ಕೋಣೆಯ ನೆಲಮಟ್ಟದ ಕಪಾಟಿನಲ್ಲಿಡಿ.

ಜುಲೈಯಲ್ಲಿ ಬಂದ ಪೆಟ್ಟಿಗೆಯನ್ನು ಜುಲೈಯಲ್ಲೇ ಮುಗಿಸಬೇಕೆಂಬ ನಿಯಮವೇನೂ ಇಲ್ಲ. ಬಿಗಿ ಡಬ್ಬಿಯಲ್ಲಿ 65ರಲ್ಲಿ ಕೂತ ಚುರುಟು ಆರು ತಿಂಗಳಿಗೆ ಕೆಡುವುದಿಲ್ಲ. ತಂದುಕೊಟ್ಟವರ ಎದುರು ಒಂದನ್ನು ಹದ ಮಾಡಿ ಹತ್ತಿಸಿ, ಉಳಿದವನ್ನು ಜನವರಿಗೆ ಎತ್ತಿಡುವುದು ಹೊಳನಗದ್ದೆಯಂಥ ಊರಿಗೆ ಎಲ್ಲಕ್ಕಿಂತ ಕಡಿಮೆ ಖರ್ಚಿನ ಉಪಾಯ.